ಜೇಬಿನಲ್ಲಿಟ್ಟ ಕೈ

ಆ ಮನೆಯ ದೊಡ್ಡ ಸೊಸೆ ಬಟ್ಟೆ ಹೊಲಿಯುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಮೆಷಿನ್ನು, ಗೋಡೆಯುದ್ದಕ್ಕೂ ಬಟ್ಟೆ ಕತ್ತರಿಸುವ ಮೇಜು, ಮೊಳೆಗೆ ನೇತುಹಾಕಿದ ಟೇಪು. ಅವಳು ಹೊಲಿದ ಅಂಗಿ ತೊಟ್ಟರೆ ಗೂನು ಬೆನ್ನೂ ನೆಟ್ಟಗೆ ಕಾಣುತ್ತದೆ ಎಂದು ಬೀದಿಯ ಹೆಂಗಸರು ಹೊಗಳುತ್ತಿದ್ದರು. ಹೊಗಳಿಕೆ ಸುಳ್ಳಲ್ಲ. ಅವಳು ಆ ವಿದ್ಯೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಳಸಿದ್ದು ಮಗಳ ಮೇಲೆ.

ಮಗಳು ಗುಬ್ಬಿಗೆ ಆರು ವರ್ಷ. ಅವಳ ಬಲಗೈ ಹುಟ್ಟಿದಂದಿನಿಂದ ಸೋತಿತ್ತು. ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ, ಅಂಗೈ ಹಿಂದಕ್ಕೆ ತಿರುಗಿಕೊಂಡು ಜೋತುಬೀಳುತ್ತಿತ್ತು. ದೊಡ್ಡ ಸೊಸೆ ಮಗಳ ಪ್ರತಿ ಫ್ರಾಕಿಗೂ ಬಲಗಡೆ ಒಂದು ಜೇಬು ಇಡುತ್ತಿದ್ದಳು. ಕೈ ಎಲ್ಲಿ ಬಂದು ನಿಲ್ಲುತ್ತದೋ ಸರಿಯಾಗಿ ಅಲ್ಲಿಗೆ. ತೋಳಿಗೆ ಎರಡು ನೆರಿಗೆ ಹೆಚ್ಚು ಹಿಡಿದು, ಸಣಕಲು ತೋಳನ್ನು ಬಟ್ಟೆಯಿಂದಲೇ ತುಂಬುತ್ತಿದ್ದಳು. ಗುಬ್ಬಿ ಜೇಬಿನಲ್ಲಿ ಕೈಯಿಟ್ಟುಕೊಂಡು ಬೀದಿಗಿಳಿದರೆ ಎದುರುಮನೆಯ ಅಜ್ಜ, "ಇನ್ಸ್‌ಪೆಕ್ಟರಮ್ಮ ಬಂದ್ರು, ಸಲಾಂ ಹೊಡೀರಪ್ಪ" ಎನ್ನುತ್ತಿದ್ದ. ಗುಬ್ಬಿಗೆ ಅದು ಇಷ್ಟ. ಸ್ನಾನವನ್ನೂ ಕೈಯ ವ್ಯಾಯಾಮವನ್ನೂ ತಾಯಿ ಬಾಗಿಲಿಗೆ ಅಗುಳಿ ಹಾಕಿ ಮಾಡಿಸುತ್ತಿದ್ದಳು. ಯಾರಾದರೂ ಕೇಳಿದರೆ, ಸ್ವಲ್ಪ ಬಲ ಕಡಿಮೆ, ಬೆಳೆಯುತ್ತ ಸರಿಹೋಗುತ್ತದೆ ಎನ್ನುತ್ತಿದ್ದಳು.

ಬೇರೆ ಯಾರು ನೋಡಿದರೂ ಅವಳು ಸಹಿಸುತ್ತಿದ್ದಳೇನೋ. ಮಹಡಿಯ ಮೇಲಿದ್ದ ವಾರಗಿತ್ತಿ, ಆ ಮನೆಯ ಚಿಕ್ಕ ಸೊಸೆ, ನೋಡಬಾರದು. ಅಷ್ಟೇ.

ಚಿಕ್ಕ ಸೊಸೆಯ ಮಗ ಗುಂಡ, ಗುಬ್ಬಿಗಿಂತ ಎರಡು ತಿಂಗಳು ಚಿಕ್ಕವನು. ಗುಬ್ಬಿ ಹುಟ್ಟಿದ ನರ್ಸಿಂಗ್ ಹೋಮಿಗೇ ಅವನ ತಾಯಿಯನ್ನೂ ಕರೆದೊಯ್ದಿದ್ದರು. ಆದರೆ ಅವನಿಗೆ ಅವಸರ, ಲಿಫ್ಟಿನಲ್ಲೇ ಹುಟ್ಟಿಬಿಟ್ಟ. ಡಾಕ್ಟರು ಕೈಗವಸು ಹಾಕಿಕೊಳ್ಳುವುದರೊಳಗೆ ಎಲ್ಲ ಮುಗಿದಿತ್ತು. ಈ ಕತೆಯನ್ನು ಮನೆಯವರು ನಕ್ಕು ನಕ್ಕು ಹೇಳುವಾಗ ದೊಡ್ಡ ಸೊಸೆಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಯಾರ ಕೈಯೂ ಮುಟ್ಟದ ಮಗು ಎರಡೂ ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದು ಕೋತಿಯ ಹಾಗೆ ಜೋತಾಡುತ್ತಿತ್ತು. "ಇಬ್ಬರು ಸೊಸೆಯರಿರೋ ಮನೇಲಿ ಒಲೆ ಬೇರೆ ಹಚ್ಚಬೇಕಿಲ್ಲ" ಎಂದು ಅತ್ತೆ ಗೊಣಗುತ್ತಿದ್ದರು.

ಗುಂಡನ ಶಾಲೆಯ ಅಂಗಿಯನ್ನು ಹೊಲಿಯುವವಳೂ ಅವಳೇ. ಅವನ ತೋಳಿನ ಅಳತೆ ಬೆಳೆದಿರುವುದನ್ನು ಟೇಪಿನಲ್ಲಿ ನೋಡಿದಾಗಲೆಲ್ಲ ಅವಳ ಮುಖ ಚಿಕ್ಕದಾಗುತ್ತಿತ್ತು. ಒಂದು ಸಲ ಬೇಕೆಂದೇ ಕಂಕುಳಲ್ಲಿ ಬಿಗಿ ಮಾಡಿ ಹೊಲಿದಳು. ಮಧ್ಯಾಹ್ನದೊಳಗೆ ಅಂಗಿ ಹರಿಯಿತು. ಗುಂಡನ ಕೈ ಮಾತ್ರ ಎಂದಿನಂತೆ ಮೇಲಕ್ಕೇ ಹೋಯಿತು.

ಚಿಕ್ಕ ಸೊಸೆ ಮತ್ತೆ ಬಸುರಿಯಾದಳು. ಅದೇ ನರ್ಸಿಂಗ್ ಹೋಮ್, ಅದೇ ಡಾಕ್ಟರು. ದಿನ ತುಂಬಲು ಇನ್ನೂ ಸ್ವಲ್ಪ ಬಾಕಿಯಿತ್ತು. ಒಂದು ಸಂಜೆ ಅವಳು ಕೆಳಗಿಳಿದು ಬಂದು, ಸೋಮವಾರ ದಾಖಲಾಗಲು ಹೇಳಿದ್ದಾರೆ ಎಂದಳು. ಡ್ರಿಪ್ ಹಾಕಿ ನೋವು ಬರಿಸುತ್ತಾರಂತೆ. ಮಗು ಚೆನ್ನಾಗಿದೆಯಂತೆ, ಅವಸರವೇನಿಲ್ಲವಂತೆ. ಆದರೆ ಆಮೇಲೆ ಡಾಕ್ಟರು ಊರಲ್ಲಿರುವುದಿಲ್ಲವಂತೆ.

ದೊಡ್ಡ ಸೊಸೆಯ ಕತ್ತರಿ ಬಟ್ಟೆಯ ನಡುವೆ ನಿಂತಿತು. ಗುಬ್ಬಿಯ ಹೆರಿಗೆಯಲ್ಲಿ ಅವಳಿಗೂ ಇದನ್ನೇ ಹೇಳಿದ್ದರು. ಡ್ರಿಪ್ ಹಾಕಿ ಡಾಕ್ಟರು ಹೊರಟುಹೋದರು. ನರ್ಸು ಬಂದಾಗಲೆಲ್ಲ ನಳಿಗೆಯ ಮೇಲಿನ ಪುಟ್ಟ ಚಕ್ರವನ್ನು ಮೇಲಕ್ಕೆ ತಳ್ಳಿ ಹೋಗುತ್ತಿದ್ದಳು. ನೋವಿನ ಮೇಲೆ ನೋವು, ಉಸಿರಾಡಲೂ ಬಿಡುವಿಲ್ಲ. ಮಗುವಿನ ಎದೆಬಡಿತ ಯಾರೂ ಕೇಳಲಿಲ್ಲ. ಕೊನೆಗೆ ಮಗುವಿನ ಭುಜ ಸಿಕ್ಕಿಕೊಂಡಾಗ ಓಡಿಬಂದ ಡಾಕ್ಟರು ತಲೆ ಹಿಡಿದು ಎಳೆದರು, ಕತ್ತಿನ ನರ ಜಗ್ಗಿ ಬಲಗೈ ಸೋತಿತು. ಆಮೇಲೆ, ಮಗು ದಪ್ಪ, ನಿನ್ನ ಸೊಂಟದ ಕಟ್ಟು ಚಿಕ್ಕದು, ಯಾರೇನು ಮಾಡೋಕಾಗುತ್ತೆ ಎಂದರು. ತನ್ನ ಮೈಯದೇ ತಪ್ಪು ಎಂದು ಅವಳು ನಂಬಿದಳು.

ಈಗ ಅವಳ ಮನಸ್ಸು ಒಂದು ಮಾತು ಆಡಿತು. ಹೋಗಲಿ ಬಿಡು, ಇವಳ ಮಗುವಿಗೂ ಒಂದು ಜೇಬು ಹೊಲಿದುಕೊಟ್ಟರಾಯಿತು.

ಆ ಮಾತು ತನ್ನದೇ ಎಂದು ಅವಳಿಗೆ ತಿಳಿಯಿತು. ಕತ್ತರಿ ಕೆಳಗಿಟ್ಟಳು.

"ಸೋಮವಾರ ಹೋಗಬೇಡ. ಇನ್ನೊಬ್ಬ ಡಾಕ್ಟರಿಗೆ ತೋರಿಸು."

ಚಿಕ್ಕ ಸೊಸೆ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಅಕ್ಕ, ಬೇಜಾರು ಮಾಡ್ಕೋಬೇಡಿ. ನನಗೇನು ಒಳ್ಳೇದಾದ್ರೂ ನಿಮಗೆ ಸೇರಲ್ಲ. ಗುಂಡನ ಅಂಗಿ ಯಾಕೆ ಹರೀತು ಅಂತ ನನಗೆ ಗೊತ್ತಿಲ್ವಾ? ಗುಬ್ಬಿನೂ ಅವರ ಹತ್ರಾನೇ ಹುಟ್ಟಿದ್ದು. ಅವಳಿಗೇನಾಗಿದೆ? ಇನ್ಸ್‌ಪೆಕ್ಟರ್ ಥರ ಓಡಾಡ್ತಾಳೆ."

ವಾರಗಿತ್ತಿ ಹೇಳಿದ್ದರಲ್ಲಿ ತಪ್ಪೇನಿತ್ತು? ಆರು ವರ್ಷ ತಾನು ಒಂದೊಂದೇ ನೆರಿಗೆ ಹಿಡಿದು ಹೊಲಿದ ಸುಳ್ಳನ್ನು ಅವಳೂ ನಿಜವೆಂದು ನಂಬಿದ್ದಳು. ಹೊಟ್ಟೆಕಿಚ್ಚಿನವಳ ಬುದ್ಧಿಮಾತು ಯಾರ ಕಿವಿಗೆ ಹೋಗುತ್ತದೆ?

ದೊಡ್ಡ ಸೊಸೆ ಗುಬ್ಬಿಯನ್ನು ಕರೆದಳು. ಬೀದಿಬಾಗಿಲು ಮುಚ್ಚಿ, ಮಗಳ ಫ್ರಾಕಿನ ಗುಂಡಿ ಬಿಚ್ಚಿ, ಒಳಲಂಗದಲ್ಲಿ ಬೆಳಕಿಗೆ ನಿಲ್ಲಿಸಿದಳು. ಮೊಳೆಯಿಂದ ಟೇಪು ತೆಗೆದು ವಾರಗಿತ್ತಿಯ ಕೈಗೆ ಕೊಟ್ಟಳು.

"ಅಳತೆ ತಗೋ. ಎರಡೂ ತೋಳು."

ಗುಬ್ಬಿ ಒಳಲಂಗದ ಪಕ್ಕದಲ್ಲಿ ಕೈಗೆ ಜಾಗ ಹುಡುಕಿದಳು. "ಅಮ್ಮ, ಜೇಬಿಲ್ಲ. ಕೈ ಎಲ್ಲಿಡ್ಲಿ?"

ಚಿಕ್ಕ ಸೊಸೆ ಎಡತೋಳು ಅಳೆದಳು. ಬಲತೋಳಿಗೆ ಟೇಪು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೈ ಮೇಲೆತ್ತು ಕಂದ ಎಂದಳು. ಗುಬ್ಬಿ ಎಡಗೈಯಿಂದ ಬಲಗೈಯನ್ನು ಹಿಡಿದು ಎತ್ತಿ ತೋರಿಸಿದಳು. ಚಿಕ್ಕ ಸೊಸೆ ಆ ಭಾರದ ಹೊಟ್ಟೆ ಹೊತ್ತುಕೊಂಡೇ ನೆಲದ ಮೇಲೆ ಕುಸಿದು ಕೂತಳು.

"ಒಂದೇ ಮನೇಲಿ ಇದೀವಿ. ಯಾಕಕ್ಕ ಹೇಳಲಿಲ್ಲ?"

"ಹೇಳಿದ್ರೆ ನೀನು ಪಾಪ ಅಂತಿದ್ದೆ. ನಿನ್ನ ಬಾಯಲ್ಲಿ ಪಾಪ ಅನ್ನಿಸ್ಕೊಳ್ಳೋದು ನನಗೆ ಬೇಕಿರಲಿಲ್ಲ."

ಸೋಮವಾರ ಚಿಕ್ಕ ಸೊಸೆ ಆ ಡಾಕ್ಟರ ಬಳಿ ಹೋಗಲಿಲ್ಲ. ಊರಿನ ಇನ್ನೊಂದು ತುದಿಯ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಪರೀಕ್ಷೆ ಮಾಡಿ, ಈಗಲೇ ನೋವು ಬರಿಸಲು ಕಾರಣವೇ ಇಲ್ಲ, ಕಾಯೋಣ ಎಂದರು. ದಿನ ತುಂಬಿತು. ಒಂದು ಬೆಳಿಗ್ಗೆ ಗರ್ಭದ ನೀರು ಹೋಯಿತು, ನೋವು ಮಾತ್ರ ಬರಲಿಲ್ಲ. ಡಾಕ್ಟರಮ್ಮ ಸಾಕಷ್ಟು ಹೊತ್ತು ನೋಡಿ, ಇನ್ನು ತಡಮಾಡಿದರೆ ಮಗುವಿಗೆ ನಂಜಾಗಬಹುದು, ಈಗ ಡ್ರಿಪ್ ಬೇಕೇ ಬೇಕು ಎಂದು ಬಿಡಿಸಿ ಹೇಳಿದರು.

ಜೊತೆಗೆ ಬಂದಿದ್ದ ದೊಡ್ಡ ಸೊಸೆ ಕಂಬಕ್ಕೆ ನೇತುಬಿದ್ದ ಬಾಟಲಿಯ ನಳಿಗೆಯ ಮೇಲಿನ ಆ ಚಕ್ರದಿಂದ ಕಣ್ಣು ಕೀಳಲಿಲ್ಲ. ಈ ವಾರ್ಡಿನ ನರ್ಸು ಮಾತ್ರ ಚಕ್ರ ತಿರುಗಿಸಿ ಎದ್ದುಹೋಗಲಿಲ್ಲ. ಒಂದು ಕಬ್ಬಿಣದ ಸ್ಟೂಲನ್ನು ಹಾಸಿಗೆಯ ಪಕ್ಕಕ್ಕೆ ಎಳೆದು ಕೂತಳು. ಹೊಟ್ಟೆಯ ಮೇಲೆ ಕೈಯಿಟ್ಟು ನೋವು ಬರುವುದನ್ನೂ ಇಳಿಯುವುದನ್ನೂ ನೋಡಿದಳು. ಮತ್ತೆ ಮತ್ತೆ ಮಗುವಿನ ಎದೆಬಡಿತ ಕೇಳಿದಳು. ಮಧ್ಯೆ ಒಮ್ಮೆ ಅವಳ ಮುಖ ಬಿಗಿಯಿತು, ಬಡಿತ ನಿಧಾನವಾಗಿತ್ತು. ತಕ್ಷಣ ಚಕ್ರವನ್ನು ಕೆಳಕ್ಕೆಳೆದು ಡ್ರಿಪ್ ನಿಲ್ಲಿಸಿದಳು, ಚಿಕ್ಕ ಸೊಸೆಯನ್ನು ಎಡಮಗ್ಗುಲಿಗೆ ಹೊರಳಿಸಿದಳು, ಡಾಕ್ಟರಮ್ಮನನ್ನು ಕೂಗಿದಳು. ಬಡಿತ ಸರಿಹೋದ ಮೇಲೆ ಡಾಕ್ಟರಮ್ಮನೇ ನಿಂತು ಮತ್ತೆ ಹನಿಹನಿಯಾಗಿ ಶುರುಮಾಡಿಸಿದರು.

"ಸಿಸ್ಟರ್," ಎಂದಳು ದೊಡ್ಡ ಸೊಸೆ, "ಆ ಚಕ್ರ ಕೆಳಕ್ಕೂ ಹೋಗುತ್ತಾ?"

"ಹೋಗ್ದೆ ಏನಮ್ಮ? ಅದಕ್ಕೇ ಅಲ್ವಾ ನಾನಿಲ್ಲಿ ಕೂತಿರೋದು."

ಸಂಜೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಕೂಡಲೇ ಬೆಚ್ಚಿಬಿದ್ದಂತೆ ಎರಡೂ ಕೈ ಚಾಚಿ ಅತ್ತಿತು. ಎಲ್ಲರೂ ಮಗುವನ್ನು ನೋಡುತ್ತಿದ್ದರೆ ದೊಡ್ಡ ಸೊಸೆ ಆ ಖಾಲಿ ಸ್ಟೂಲನ್ನು ನೋಡುತ್ತ ನಿಂತಿದ್ದಳು. ಜೀವಮಾನದಲ್ಲಿ ಅವಳಿಗೆ ಯಾರ ಮೇಲೂ, ಗುಂಡನ ಮೇಲೂ, ಇಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ. ಬಣ್ಣ ಹೋದ, ಒಂದು ಕಾಲು ಸೊಟ್ಟಗಿದ್ದ ಸ್ಟೂಲು. ಅಂಥದ್ದೊಂದು ತನ್ನ ಹಾಸಿಗೆಯ ಪಕ್ಕದಲ್ಲೂ ಇರಬೇಕಿತ್ತು. ತನ್ನ ಕಟ್ಟು ಚಿಕ್ಕದಾಗಿದ್ದದ್ದಲ್ಲ. ಯಾರೂ ಕೂತಿರಲಿಲ್ಲ, ಅಷ್ಟೇ.

ಚಿಕ್ಕ ಸೊಸೆ ಎದ್ದು ಓಡಾಡುವಂತಾದ ಮೇಲೆ ಅವಳು ಮಹಡಿ ಹತ್ತಿ ಹೋದಳು. ಮಗುವನ್ನು ಎತ್ತಿಕೊಳ್ಳಲಿಲ್ಲ, ಇನ್ನೂ ಮನಸ್ಸು ಬಂದಿರಲಿಲ್ಲ.

"ಆ ಡಾಕ್ಟರ ಮೇಲೆ ದೂರು ಕೊಡ್ತೀನಿ. ತಡವಾಯ್ತು ಅಂತಾರೇನೋ."

"ಅಂದ್ರೆ ಅನ್ನಲಿ. ನನಗೂ ಹಂಗೇ ಹೇಳಿದ್ರು ಅಂತ ನಾನೂ ಬಂದು ಹೇಳ್ತೀನಿ," ಎಂದಳು ಚಿಕ್ಕ ಸೊಸೆ. ಆಮೇಲೆ, "ದೂರು ಕೊಡೋ ದಿನ ಗುಬ್ಬಿಗೆ ಏನು ಹಾಕ್ತೀರ ಅಕ್ಕ?"

ದೊಡ್ಡ ಸೊಸೆ ಅವತ್ತೇ ಹೊಸ ಫ್ರಾಕಿಗೆ ಬಟ್ಟೆ ಕತ್ತರಿಸಿದಳು. ಅದಕ್ಕೆ ತೋಳು ಇಡಲಿಲ್ಲ. ಜೇಬು ಮಾತ್ರ ಇಟ್ಟಳು. ಗುಬ್ಬಿ ಬೇಕು ಅಂದಿದ್ದಳು.