ಬಾಗಿಲು ಕಾಯುವ ಕೆಲಸ

ಅವರ ತಲೆಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಕೂದಲು ಒತ್ತಿ ತಗ್ಗಾದ ಒಂದು ಗೆರೆಯಿತ್ತು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಅದು ಏಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಹೆಡ್‌ಫೋನಿನ ಪಟ್ಟಿ ಕೂತ ಜಾಗ ಅದು. ಅವರು ಬೈಲಹೊಂಗಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಮದುವೆಯಾಗಿರಲಿಲ್ಲ, ನಮ್ಮ ಓಣಿಯ ತುದಿಯ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಸಣ್ಣವರು, ದೊಡ್ಡವರು ಎಲ್ಲರಿಗೂ ಅವರು ಫೋನಕ್ಕ.

ಫೋನು ಇದ್ದ ಮನೆಗಳೇ ಕಡಿಮೆ ಇದ್ದ ಕಾಲ. ಬೇರೆ ಊರಿನ ಕರೆ ಮೊದಲು ಅವರ ಕಿವಿಗೆ ಬಿದ್ದು, ಆಮೇಲೆ ಮನೆಗೆ ಬರುತ್ತಿತ್ತು. ಯಾರಿಗೆ ಹೆರಿಗೆಯಾಯಿತು, ಯಾರ ಸಂಬಂಧ ಮುರಿಯಿತು, ಯಾರು ಹೋದರು ಎಂಬುದು ಆ ಮನೆಯವರಿಗಿಂತ ಒಂದು ನಿಮಿಷ ಮೊದಲು ಅವರಿಗೆ ಗೊತ್ತಿರುತ್ತಿತ್ತು. ಆ ಒಂದು ನಿಮಿಷದ ಬಗ್ಗೆ ಅವರು ಯಾರ ಹತ್ತಿರವೂ ಬಾಯಿ ಬಿಟ್ಟವರಲ್ಲ.

ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಹತ್ತಿ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪ ಆ ದಿನ ಕಿತ್ತೂರಿಗೆ ಹೋಗಿದ್ದರು. ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೆಲಸದ ವೇಳೆಯಲ್ಲಿ ಎಂದೂ ಹೊರಗೆ ಕಾಣದ ಫೋನಕ್ಕ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ವೈನಿ, ಒಲಿ ಆರಸ್ರಿ. ಇಲ್ಲೆ ಕುಂದರ್ರಿ" ಅಂದರು. ಅವ್ವ ಕೂತಳು. ಹಿಟ್ಟು ಹತ್ತಿದ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಒಂದೇ ದನಿಯಲ್ಲಿ ಹೇಳಿದರು: "ಅಣ್ಣಾರು ಹೋದ್ರು. ಕಿತ್ತೂರ ಹತ್ರ, ಲಾರಿ ಹಾಯ್ದೈತಿ. ಅರ್ಧ ತಾಸ ಆತು."

ಗಾಯವಾಗಿದೆ, ದವಾಖಾನೆಗೆ ಸೇರಿಸಿದ್ದಾರೆ ಎಂಬ ಸುತ್ತುಬಳಸು ಯಾವುದೂ ಇಲ್ಲ. ಕಿತ್ತೂರಿನಿಂದ ಕರೆ ಬಂದಾಗ ಅವರು ಅದನ್ನು ನಮ್ಮ ಮನೆಗೆ ಜೋಡಿಸಿರಲಿಲ್ಲ. ಆ ಸುದ್ದಿಯನ್ನು ಅವ್ವ ಒಬ್ಬಳೇ ನಿಂತು ಫೋನಿನಲ್ಲಿ ಕೇಳಬಾರದೆಂದು, ತಮ್ಮ ಜಾಗವನ್ನು ಜೊತೆಯವರಿಗೆ ಒಪ್ಪಿಸಿ ಓಡಿಬಂದಿದ್ದರು. ಕುರ್ಚಿ ಬಿಟ್ಟು ಎದ್ದದ್ದಕ್ಕೆ ಆಮೇಲೆ ಲಿಖಿತ ಉತ್ತರ ಕೊಡಬೇಕಾಯಿತಂತೆ.

ಅಂದಿನಿಂದ ಓಣಿಯ ಹೆಂಗಸರಿಗೆ ಅವರನ್ನು ಕಂಡರೆ ಒಳಗೇ ಒಂದು ಅಂಜಿಕೆ. ಹಗಲು ಹೊತ್ತಿನಲ್ಲಿ ಅವರು ಯಾರದೋ ಮನೆಯ ಕಡೆ ತಿರುಗಿದರೆ ಆ ಮನೆಯವರ ಎದೆ ಹಾರುತ್ತಿತ್ತು. ಅವರಿಗೂ ಇದು ಗೊತ್ತಿತ್ತು. ಅರಿಷಿಣ ಕುಂಕುಮಕ್ಕೆ ಕರೆದರೂ ಹತ್ತು ಹೆಜ್ಜೆ ದೂರದಿಂದಲೇ ಕೂಗಿ ಹೇಳುತ್ತಿದ್ದರು: "ಸುಮ್ನ ಬಂದೇನವಾ, ಸುದ್ದಿ ಏನಿಲ್ಲ." ಹಾಗೆ ಹೇಳಿದ ಮೇಲೆಯೇ ಒಳಗೆ ಕಾಲಿಡುತ್ತಿದ್ದರು.

ಮುಂದೆ ಯಂತ್ರಗಳು ತಾವೇ ಕರೆ ಜೋಡಿಸತೊಡಗಿದವು. ಫೋನಕ್ಕ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಅಷ್ಟರಲ್ಲಿ ನಾನು ಬಿ.ಕಾಂ. ಮುಗಿಸಿ ಊರಿನಲ್ಲೇ ನಾಲ್ಕು ಕಂಪ್ಯೂಟರಿನ ಒಂದು ಸೆಂಟರ್ ಇಟ್ಟಿದ್ದೆ. ಬ್ರಾಡ್‌ಬ್ಯಾಂಡ್ ಬಂದ ಹೊಸತು. ಗಿರಾಕಿಗಳಿಲ್ಲದ ಮಧ್ಯಾಹ್ನ ನಾನು ಒಂದು ಆನ್‌ಲೈನ್ ಆಟ ಆಡುತ್ತಿದ್ದೆ. ಬಾಹ್ಯಾಕಾಶದ ಆಟ. ಬೇರೆ ಬೇರೆ ದೇಶದವರು ಗುಂಪು ಕಟ್ಟಿ, ಹಡಗು ಕಟ್ಟಿ, ನಕ್ಷತ್ರಗಳ ನಡುವೆ ಬದುಕುವುದು, ಕಾದಾಡುವುದು. ಒಮ್ಮೆ ಅರ್ಜಿ ಟೈಪ್ ಮಾಡಿಸಲು ಬಂದ ಫೋನಕ್ಕ ನನ್ನ ಪರದೆಯ ಅಂಚಿನಲ್ಲಿ ಮೂಡಿ ಮಾಯವಾಗುವ ಹೆಸರುಗಳನ್ನು ನೋಡುತ್ತ ನಿಂತರು.

"ಇವ್ರೆಲ್ಲಾ ಯಾರು, ತಂಗಿ?"

"ಈಗ ಈ ಜಾಗಾಕ್ಕ ಬಂದಾವ್ರ ಹೆಸರ್ರಿ ಅಕ್ಕಾರ. ಹೋದ್ರ ಅಳಿಸಿ ಹೋಗತಾವ."

"ಲೈನ್ ಮ್ಯಾಲಿದ್ದಂಗ" ಅಂದು ಕುರ್ಚಿ ಎಳೆದುಕೊಂಡರು. ಮರುದಿನವೂ ಬಂದರು. ತಿಂಗಳೊಳಗೆ ನಮ್ಮ ಗುಂಪಿನಲ್ಲಿ ಅವರದೂ ಒಂದು ಪಾತ್ರವಿತ್ತು. ತೇಲುವ ಬಂಡೆಗಳನ್ನು ಒಡೆದು ಅದಿರು ತೆಗೆಯುವುದು ಅದರ ಕೆಲಸ. ಎಕ್ಸ್‌ಚೇಂಜಿನಲ್ಲಿ ಕಲಿತ ಚುಟುಕು ಇಂಗ್ಲಿಷು ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು.

ಆ ಆಟದಲ್ಲಿ ಒಬ್ಬರು ಎರಡನೆಯ ಪಾತ್ರವನ್ನೂ ಇಟ್ಟುಕೊಳ್ಳಬಹುದು. ಅದಕ್ಕೆ ಯಾವ ಕೆಲಸ ಕೊಡಬೇಕು ಎಂಬುದನ್ನು ಅವರು ಒಂದು ವಾರ ಯೋಚಿಸಿದರು. ಕಾದಾಳು, ವ್ಯಾಪಾರಿ, ಮುರಿದ ಹಡಗು ದುರಸ್ತಿ ಮಾಡುವವ, ಮುಂದೆ ಹೋಗಿ ನೋಡಿಬರುವ ಕಾವಲುಗಾರ, ಹೀಗೆ ಎಲ್ಲವನ್ನೂ ವಿವರಿಸಿದೆ. ದುರಸ್ತಿಯವ ಆಗಿರಿ, ಎಲ್ಲರೂ ಕೈಮುಗಿಯುತ್ತಾರೆ ಎಂದೂ ಹೇಳಿದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವ್ರಾಗ ಮೊದಲ ಸಾಯಾವ ಯಾರು?"

"ಕಾವಲುಗಾರ್ರಿ. ಸಣ್ಣ ಹಡಗ, ಕೈಯಾಗ ಬಂದೂಕಿಲ್ಲ. ನಮ್ಮ ಜಾಗಾಕ್ಕ ಬರೂ ದಾರಿಗೆ ಒಂದ ಬಾಗಲಾ ಐತಿ, ಅಲ್ಲಿ ಒಬ್ಬನ ಕುಂತು, ವೈರಿ ಬಂದ್ರ ಹೇಳೂದಷ್ಟ."

"ಅದನ್ನ ಮಾಡು."

ಯಾಕೆಂದು ಕೇಳಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಇಷ್ಟ ವರ್ಷ ಆಗಿ ಹೋದದ್ದನ್ನ ಹೇಳೇನಿ. ಒಮ್ಮೆರ ಆಗೂಕಿಂತ ಮೊದಲ ಹೇಳೂಣಂತ."

ಆಮೇಲೆ ಅವರು ದಿನಾ ಎರಡು ಕಂಪ್ಯೂಟರಿನ ನಡುವೆ ಕೂರುತ್ತಿದ್ದರು. ಒಂದರಲ್ಲಿ ಬಂಡೆ ಒಡೆಯುವ ಹಡಗು, ಇನ್ನೊಂದರಲ್ಲಿ ಕತ್ತಲಲ್ಲಿ ಅಲುಗಾಡದೆ ನಿಂತ ಕಾವಲಿನದು. ಉಳಿದವರೆಲ್ಲ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಿದ್ದರು. ಇವರು ಮಾತ್ರ ಅದನ್ನು ಮುಟ್ಟದೆ ಟೈಪ್ ಮಾಡುತ್ತಿದ್ದರು. ವರ್ಷಗಟ್ಟಲೆ ಹಾಕಿ ಬೇಸತ್ತಿರಬೇಕು ಅಂದುಕೊಂಡೆ. ಅವರು ಬಾಗಿಲಲ್ಲಿದ್ದ ಆರು ತಿಂಗಳಲ್ಲಿ ನಮ್ಮ ಗುಂಪು ಒಂದು ಹಡಗನ್ನೂ ಕಳೆದುಕೊಳ್ಳಲಿಲ್ಲ.

ಆದರೆ ಅವರ ಎಡಗಡೆ ನಿಂತು ಕರೆದರೆ ಅವರು ತಿರುಗುತ್ತಿರಲಿಲ್ಲ. ಚಹಾದ ಕಪ್ಪು ಕೈಯಿಂದ ಎರಡು ಸಲ ಜಾರಿತು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯತೊಡಗಿದರು. ಒಂದು ಮಧ್ಯಾಹ್ನ ಸೆಂಟರಿನಲ್ಲಿ ಕರೆಂಟಿರಲಿಲ್ಲ, ಫ್ಯಾನು ಕೂಡ ನಿಂತಿತ್ತು. ಅವರು ತಲೆ ವಾರೆ ಮಾಡಿ ನನ್ನನ್ನು ಕೇಳಿದರು: "ಗಂಟಿ ಹೊಡಿಯಾಕ ಹತ್ತೇತಲಾ, ಯಾಕ ಎತ್ತವಲ್ಲಿ?"

"ಯಾವ ಗಂಟಿ ಇಲ್ಲರಿ ಅಕ್ಕಾರ."

"ಹೊಡಿತೈತಿ. ಮೂರ ತಿಂಗಳಿಂದ ಹೊಡಿತೈತಿ. ಯಾರೋ ಲೈನ್ ಮ್ಯಾಲ ಅದಾರ, ಮಾತಾಡವಲ್ರು."

ಮರುದಿನವೇ ಅವರನ್ನು ಡಾಕ್ಟರಿಗೆ ತೋರಿಸಲು ಬೆಳಗಾವಿಗೆ ಕರೆದುಕೊಂಡು ಹೋದೆ. ಎಡಗಿವಿಯ ಒಳಗೆ, ತಲೆಯಲ್ಲಿ ಗಂಟು ಬೆಳೆದಿತ್ತು. ಆ ಕಿವಿ ಆಗಲೇ ಹೋಗಿತ್ತು. ಬಲಗಿವಿಯೂ ಮಂದವಾಗುತ್ತಿತ್ತು. ಹೆಡ್‌ಫೋನ್ ಯಾಕೆ ಮುಟ್ಟುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ಕಣ್ಣಿದ್ದರೆ ಸಾಕು ಎನ್ನುವ ಕೆಲಸವನ್ನೇ ಅವರು ಹುಡುಕಿಕೊಂಡಿದ್ದರು.

ಆಸ್ಪತ್ರೆಗೆ ಸೇರುವ ದಿನ ಎರಡನೆಯ ಪಾತ್ರದ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟರು. "ನಾ ಬರೂಮಟಾ ಬಾಗಲಾ ನೀ ಕಾಯಿ. ಎದ್ದ ಹೋಗಬ್ಯಾಡ."

ಒಂಬತ್ತು ದಿನ ಕಾದೆ. ಹತ್ತನೆಯ ದಿನ ಪಿಯುಸಿ ಫಲಿತಾಂಶ. ಹುಡುಗರು ಸೆಂಟರಿಗೆ ನುಗ್ಗಿದರು. ಬಾಗಿಲು ಕಾಯಲು ಬೇರೆಯವರನ್ನು ಕರೆಯದೆ, ಗುಂಪಿಗೆ ಒಂದು ಮಾತೂ ಹೇಳದೆ, ಹುಡುಗರ ಫಲಿತಾಂಶ ತೆಗೆದುಕೊಡಲು ಎದ್ದುಹೋದೆ. ಒಂದು ತಾಸಿನ ಮೇಲೆ ಬಂದು ನೋಡಿದರೆ ಅಂಚಿನ ಪಟ್ಟಿಯ ತುಂಬ ವೈರಿಗಳ ಹೆಸರು. ನಮ್ಮವರ ಒಂದು ಹೆಸರೂ ಉಳಿದಿರಲಿಲ್ಲ. ಎಲ್ಲರೂ ಸೇರಿ ಎಂಟು ತಿಂಗಳು ಕಟ್ಟಿದ್ದ ದೊಡ್ಡ ಹಡಗು ಸುಟ್ಟು ತುಂಡಾಗಿ ತೇಲುತ್ತಿತ್ತು. ಕಾವಲುಗಾರ ಮಲಗಿದ್ದನೇ, ವೈರಿಗೆ ಮಾರಿಕೊಂಡನೇ ಎಂದು ನಮ್ಮವರು ಬರೆದಿದ್ದರು. ಅವರು ಬೈಯುತ್ತಿದ್ದದ್ದು ಫೋನಕ್ಕನ ಪಾತ್ರವನ್ನು. ಆ ದಿನ ಅಲ್ಲಿ ಕೂತವಳು ನಾನು ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಅವರಿಗೆ ಈಗ ಏನೂ ಕೇಳಿಸುತ್ತಿರಲಿಲ್ಲ, ನೋಟಬುಕ್ಕಿನಲ್ಲಿ ಬರೆದು ತೋರಿಸಬೇಕಿತ್ತು. ಪಕ್ಕದಲ್ಲಿ ಅವರ ತಂಗಿ ಕೂತಿದ್ದರು. ಸವದತ್ತಿಯಿಂದ ಬಂದಿದ್ದ ಒಕ್ಕಲುತನದ ಹೆಂಗಸು, ಅಕ್ಕನ ಆಟದ ಸುದ್ದಿಯೇ ತಿಳಿಯದವರು.

"ಬಾಗಲಕ್ಕ ಯಾರರ ಬಂದಿದ್ರೇನು?" ಅಂದರು ಫೋನಕ್ಕ.

'ಯಾರೂ ಇಲ್ಲ' ಎಂದು ಬರೆದೆ.

ಅವರು ಅದನ್ನು ಓದಲಿಲ್ಲ, ನನ್ನ ಮುಖ ನೋಡುತ್ತಿದ್ದರು. "ಮೊದಲ ದನಿ ಕೇಳಿ ತಿಳೀತಿದ್ದೆ. ಈಗ ಮಾರಿ ನೋಡಿ ತಿಳೀತೇನಿ. ಖರೇ ಬರಿ."

ಬರೆದೆ. ಎರಡು ಪುಟವಾಯಿತು. ಬೈಗುಳ ಅವರ ಹೆಸರಿಗೆ ಬಿದ್ದದ್ದನ್ನೂ ಬರೆದೆ. ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಇವತ್ತ ಹೋಗಿ ಅವರಿಗೆ ಹೇಳು. ಕೆಟ್ಟ ಸುದ್ದಿ ಕೈಯಾಗ ಹಿಡಕೊಂಡ ಕುಂದರಬಾರದು ತಂಗಿ. ಹಿಡಿದಷ್ಟೂ ಅದು ಬೆಳಿತೈತಿ." ನೋಟಬುಕ್ಕು ಮುಚ್ಚಿ ಅದೇ ದನಿಯಲ್ಲಿ ಮುಂದುವರಿಸಿದರು: "ನನ್ನದೊಂದ ಐತಿ, ಕೇಳು. ನಾಡಿದ್ದ ಮುಂಜಾನೆ ಆಪರೇಶನ್. ನಾ ಏಳೂದು ಕಠಿಣ ಐತಿ ಅಂತ ಡಾಕ್ಟರು ಹೇಳ್ಯಾರ. ನಿಮ್ಮವ್ವಗ ನೀನ ಹೇಳು, ಮಂದಿ ಬಾಯಿಂದ ತಿಳಿಯೂದ ಬ್ಯಾಡ."

ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ಊರಿಗೆ ಬಂದು, ತಪ್ಪು ನನ್ನದೆಂದು ಗುಂಪಿಗೆ ಬರೆದೆ. ನೀವು ಬೈದ ಕಾವಲುಗಾರ ಅರವತ್ತರ ಹತ್ತಿರದ ಹೆಂಗಸು, ಕಿವಿ ಕೇಳಿಸದವರು, ಆಸ್ಪತ್ರೆಯಲ್ಲಿ ಮಲಗಿದ್ದಾರೆ ಎಂದೂ ಬರೆದೆ. ಆ ದಿನವೆಲ್ಲ ಉತ್ತರವಿಲ್ಲ. ಮರುದಿನ ಸಂಜೆ ಬಂತು. ನನ್ನನ್ನು ಗುಂಪಿನಿಂದ ತೆಗೆದಿದ್ದರು, ಅದು ನ್ಯಾಯವೇ. ಅದರ ಕೆಳಗೆ ಅವರಿಗೆಂದು ಒಂದು ಕಾಗದ, ಹನ್ನೊಂದು ಜನರ ಹೆಸರು. ಅದನ್ನು ಪ್ರಿಂಟ್ ತೆಗೆದುಕೊಂಡು ಮುಂಜಾನೆಯ ಮೊದಲ ಬಸ್ಸಿಗೆ ಬೆಳಗಾವಿಗೆ ಹೋದೆ. ವಾರ್ಡಿನಲ್ಲಿ ಅವರ ಮಂಚ ಖಾಲಿಯಿತ್ತು. ಹತ್ತು ನಿಮಿಷದ ಹಿಂದೆ ಒಳಗೆ ಕರೆದುಕೊಂಡು ಹೋಗಿದ್ದರು.

ಅವರು ಏಳಲಿಲ್ಲ. ಮೂರನೆಯ ದಿನ ಹೋದರು.

ಆಸ್ಪತ್ರೆಯ ಅಂಗಳದಲ್ಲಿ ಗಾಡಿಗೆ ಕಾಯುತ್ತ ನಿಂತಾಗ ಆ ಕಾಗದವನ್ನು ತಂಗಿಯ ಕೈಗೆ ಕೊಟ್ಟೆ. ಇಂಗ್ಲಿಷ್ ಅಕ್ಷರ ನೋಡಿ ತಿರುಗಿಸಿ ಮುರುಗಿಸಿ ಹಿಡಿದರು.

"ಏನ ಬರದಾರ ಇದರಾಗ?"

"ಅಕ್ಕಾರು ತಿರುಗಿ ಬರೂಮಟಾ ಬಾಗಲದಾಗ ಅವರ ಜಾಗಾ ಯಾರಿಗೂ ಕೊಡಂಗಿಲ್ಲ ಅಂತ ಬರದಾರ್ರಿ."

"ಯಾವ ಬಾಗಲಾ?" ಅಂದರು. "ನಮ್ಮಕ್ಕ ಫೋನಿನ ಕೆಲಸದಾಕಿ. ಆಕಿ ಯಾವ ಬಾಗಲಾ ಕಾದಾಳು?"

ಅವರನ್ನು ಬೇವಿನ ಗಿಡದ ಕಟ್ಟೆಯ ಮೇಲೆ ಕೂಡಿಸಿದೆ. ಗಾಡಿ ಬರಲು ಇನ್ನೂ ಹೊತ್ತಿತ್ತು. ಪಕ್ಕದಲ್ಲಿ ಕೂತು, ಅವರ ಅಕ್ಕ ಯಾರಾಗಿದ್ದರೆಂದು ಮೊದಲಿನಿಂದ ಹೇಳತೊಡಗಿದೆ.