ರೊಟ್ಟಿ ಹಂಚಿಕೊಂಡ ಗೆಳತಿಯರು

ನನ್ನ ಮೊಮ್ಮಗಳನ್ನು ನೀವು ಆಗ ನೋಡಬೇಕಿತ್ತು. ಎಣ್ಣೆ ಬಿಟ್ಟ ಕರಿ ಎಳ್ಳಿನ ಹಾಗೆ ಮಿರಮಿರ ಮಿಂಚುವ ಕಪ್ಪು. ಆಕೆ ನಕ್ಕರೆ ಓಣಿಯೇ ನಗಬೇಕು. ಮೂರನೇ ಕ್ಲಾಸು ದಾಟದವಳು ನಾನು, ಚಂದಾಗಿ ಬರೆಯಲು ಬಾರದು. ಆದರೆ ಆಕೆಯ ಸುದ್ದಿ ಬಂದರೆ ನನ್ನ ಬಾಯಿಗೆ ಅಗಳಿ ಇಲ್ಲ.

ಆದೋನಿ ಸೀಮೆಯ ಪೆದ್ದಹರಿವಾಣದ ಕಡೆಯ ನಮ್ಮೂರಿನ ಹತ್ತಿ ಹೊಲಕ್ಕೆ ಸಿನಿಮಾದವರು ಬಂದರು. ಮಕ್ಕಳ ಪಿಚ್ಚರು. ಕಲೆಕ್ಟರನ ಮಗಳಿಗೂ ಹತ್ತಿ ಬಿಡಿಸುವವಳ ಮಗಳಿಗೂ ಗೆಳೆತನ. ಬಡವ ಬಲ್ಲಿದ, ಕರಿಯ ಬಿಳಿಯ ಎಲ್ಲ ಒಂದೇ ಅನ್ನುವ ಕಥೆ. ಡೈರೆಕ್ಟರು ಶಾಲೆಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಹತ್ತಿ ಬಿಡಿಸುವವಳ ಮಗಳು ಇವಳೇ ಎಂದು ನನ್ನ ಕೂಸನ್ನು ತೋರಿಸಿದರು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

ಶುಭಕ್ಕೆ ಹೊರಟ ಹುಡುಗಿಯನ್ನು ನಮ್ಮಲ್ಲಿ ಹಾಗೇ ಕಳಿಸುವುದಿಲ್ಲ. ಮರುದಿನ ಎಣ್ಣೆ ನೀರು ಹಾಕಿ, ಗಲ್ಲಕ್ಕೆ ಅರಿಶಿನ ಹಚ್ಚಿ, ಜರಿ ಲಂಗ ಉಡಿಸಿ, ಮುತ್ತೈದೆಯರಿಂದ ಆರತಿ ಎತ್ತಿಸಿ ಕರೆದೊಯ್ದೆ. ಡೈರೆಕ್ಟರು ಹಣೆ ಹಿಡಿದುಕೊಂಡರು. ಹಳ್ಳಿ ಹುಡುಗಿ ಬೇಕು, ಮದುಮಗಳಲ್ಲ ಎಂದರು. ಮುಖ ತೊಳೆದು, ಹರಕು ಲಂಗ ಉಡಿಸಿ ಮತ್ತೆ ನಿಲ್ಲಿಸಿದೆ. ಆಗ ಕ್ಯಾಮೆರಾದವನು ಅವರ ಕಿವಿಯಲ್ಲಿ ಏನೋ ಅಂದ.

"ಪಾಪ ಬಹಳ ಕಪ್ಪಮ್ಮಾ," ಅಂದರು ಡೈರೆಕ್ಟರು. "ಪರದೆ ಮೇಲೆ ಮುಖ ಕಾಣಲ್ಲ."

"ನಮ್ಮ ಕಣ್ಣಿಗೆ ಕಾಣತೈತಲ್ರಿ," ಅಂದೆ.

ಅದೇ ಪಾತ್ರಕ್ಕೆಂದು ಹೈದರಾಬಾದಿನಿಂದ ಕಾರಿನಲ್ಲಿ ಒಬ್ಬ ಬಿಳಿ ಹುಡುಗಿ ಬಂದಿಳಿದಳು. ಅವಳ ಮುಖಕ್ಕೆ, ಕೈಗೆ, ಕಾಲಿಗೆ ಕಪ್ಪು ಬಣ್ಣ ಬಳಿದರು. ಬೆವರಿಗೆ ಬಣ್ಣ ಇಳಿದಂತೆಲ್ಲ ಮತ್ತೆ ಬಳಿದರು. ದೇವರು ಪುಕ್ಕಟೆ ಬಳಿದು ಕಳಿಸಿದ ಕೂಸು ಪಕ್ಕದಲ್ಲೇ ನಿಂತಿತ್ತು! ಅದಕ್ಕೆ ಸಿಕ್ಕ ಕೆಲಸ, ಆ ಹುಡುಗಿಗೆ ಹತ್ತಿ ಬಿಡಿಸಿ ಉಡಿಗೆ ಹಾಕಿಕೊಳ್ಳುವುದನ್ನು ಕಲಿಸುವುದು. ಕಲಿಸಿತು. ಆ ಹುಡುಗಿಗೂ ಕಲೆಕ್ಟರನ ಮಗಳಾದವಳಿಗೂ ತಾನು ಗೆಳತಿಯಾದೆನೆಂದು ನನ್ನ ಕೊರಳಿಗೆ ಬಿದ್ದು ಹಿಗ್ಗಿತು. ಗೆಳತಿಯರಿಬ್ಬರು ರೊಟ್ಟಿ ಹಂಚಿಕೊಳ್ಳುವ ಸೀನಿಗೆ ನನ್ನಿಂದಲೇ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿಸಿಕೊಂಡರು. ಮೊಮ್ಮಗಳು ಇಲ್ಲದಿದ್ದರೂ ಅವಳ ಅಜ್ಜಿಯ ರೊಟ್ಟಿಯಾದರೂ ಪಿಚ್ಚರಿನಲ್ಲಿ ಇದ್ದೀತೆಂದು ನಾನು ಕೈ ಸೋಲುವಷ್ಟು ಬಡಿದೆ.

ಪಿಚ್ಚರು ಆದೋನಿಯ ಟಾಕೀಸಿಗೆ ಬಂದಾಗ ಅಜ್ಜಿ ಮೊಮ್ಮಗಳು ಇಬ್ಬರೇ ಹೋದೆವು. ಹಿಂದಿನ ಗುಂಪಿನಲ್ಲಾದರೂ ಆಕೆ ಕಂಡಾಳೆಂದು ರೆಪ್ಪೆ ಮುಚ್ಚದೆ ನೋಡಿದೆ. ಎಲ್ಲೂ ಇಲ್ಲ. ಆಮೇಲೆ ಆ ಸೀನು ಬಂತು. ಬಣ್ಣದ ಹುಡುಗಿ ರೊಟ್ಟಿ ಮುರಿದು ಕಲೆಕ್ಟರನ ಮಗಳ ಬಾಯಿಗಿಟ್ಟಳು, ತಾನೂ ತಿಂದಳು. ಟಾಕೀಸಿನ ತುಂಬ ಹೆಂಗಸರು ಕಣ್ಣೊರೆಸಿಕೊಂಡರು.

"ಅಜ್ಜಿ, ಅವ್ರು ನುಂಗಲಿಲ್ಲ," ಅಂದಳು ಮೊಮ್ಮಗಳು. "ಕ್ಯಾಮೆರಾ ನಿಂತಕೂಡ್ಲೆ ಇಬ್ರೂ ಉಗುಳಿದ್ರು. ಬಾಯಿ ತೊಳಕೊಳ್ಳಾಕ ತಂಬಿಗಿ ನಾನ ಹಿಡಿದಿದ್ದೆ."

ಅಷ್ಟು ದಿನ ನನಗೆ ಹೇಳಿರಲಿಲ್ಲ. ರೊಟ್ಟಿ ಬಡಿದ ನನ್ನ ಹಿಗ್ಗು ಒಡೆಯಬಾರದೆಂದು ಆ ಚೋಟುದ್ದ ಜೀವ ಒಳಗೇ ಇಟ್ಟುಕೊಂಡಿತ್ತು. ಸ್ವಲ್ಪ ಗಟ್ಟಿಯಾಗಿ ಅಂದಳೇನೋ, ಹಿಂದಿನ ಸಾಲಿನವರು ಬಾಯಿ ಮುಚ್ಚಿಕೊಂಡು ಕೂರಲು ಹೇಳಿದರು. ಪರದೆ ಮೇಲೆ ಗೆಳೆತನ ನಡೆದಿತ್ತಲ್ಲ.