ಒಬ್ಬರಿಗಾಗುವಷ್ಟು ಪದರಿನ ಬಟಾಟಿ

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ಚೀಜಿನ ಡಬ್ಬಿಯೊಂದನ್ನು ತೆರೆದಳು. ವಾಸನೆ ಪಡಸಾಲೆಯವರೆಗೂ ಬಂತು. ಹುಳಿ ಮೊಸರಿನಂಥದ್ದು, ಒದ್ದೆ ಬಟ್ಟೆಯಂಥದ್ದು, ಹುರಿದ ಶೇಂಗಾದಂಥದ್ದು... ಯಾವುದೂ ಅಲ್ಲ, ಎಲ್ಲವೂ ಹೌದು. ಮೊಮ್ಮಕ್ಕಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ನಾನು ಬತ್ತಿ ಹೊಸೆಯುತ್ತಿದ್ದವಳು ಅರ್ಧಕ್ಕೇ ಬಿಟ್ಟು ಕುಳಿತುಬಿಟ್ಟೆ. ಐವತ್ತು ವರ್ಷಗಳ ಹಿಂದಿನ ಹಿತ್ತಲು, ಎದೆಯೆತ್ತರದ ಕಲ್ಲಿನ ಗೋಡೆ, ಅದರಾಚೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ ಒಬ್ಬ ಮುದುಕ...

ನಿಜಾಮರ ಕಾಲ ಅದು. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ನಮ್ಮ ಮನೆ. ಅಪ್ಪನದು ಕಾಳುಕಡಿಯ ವ್ಯಾಪಾರ. ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯಲ್ಲಿ ಒಬ್ಬ ಖಾನಸಾಮಾ ಇದ್ದರು. ಊರ ಹೊರಗಿನ ಸಾಹೇಬರ ಬಂಗಲೆಯೊಂದರಲ್ಲಿ ಅವರದು ಅಡುಗೆಯ ಕೆಲಸ. ಓಣಿಗೆಲ್ಲ ಅವರು ಖಾನಸಾಮಾ, ನನಗೆ ಚಾಚಾ. ಹೆಂಡತಿ ತೀರಿಕೊಂಡಿದ್ದರು. ಇದ್ದೊಬ್ಬ ಮಗಳನ್ನು ತಮ್ಮ ಹುಟ್ಟೂರಾದ ಕಮಲಾಪುರಕ್ಕೇ ಕೊಟ್ಟಿದ್ದರು. ರೈಲಿನಲ್ಲಿ ಬಂದಿಳಿಯುವ ಸಾಹೇಬರಿಗೆ ಐವತ್ತು ಮಂದಿಯ ದಾವತ್ತನ್ನು ಒಬ್ಬರೇ ಎತ್ತುತ್ತಿದ್ದ ಮನುಷ್ಯ, ತಮ್ಮ ಮನೆಯಲ್ಲಿ ಮಾತ್ರ ಒಲೆ ಹಚ್ಚುತ್ತಿರಲಿಲ್ಲ. ಕೇಳಿದರೆ "ಒಬ್ಬವಗ ಏನ್ ಅಡಗಿ ಬೇಟಿ?" ಎಂದು ನಗುತ್ತಿದ್ದರು.

ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ಬಂದಾಗಲೆಲ್ಲ ಒಂದು ಚಿಪ್ಪು ನಮ್ಮ ಗೋಡೆಯ ಮೇಲೆ ಇಡುತ್ತಿದ್ದರು. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಅದನ್ನು ತೆಗೆದುಕೊಳ್ಳುತ್ತಿದ್ದಳು. ಸಿಪ್ಪೆಯಿದ್ದದ್ದು ಗೋಡೆ ದಾಟಬಹುದು, ಬೆಂದದ್ದು ದಾಟಬಾರದು. ಇದು ಆಯಿಯ ಕಟ್ಟಳೆ. ಚಾಚಾ ಅದನ್ನು ನಮಗಿಂತ ಚೆನ್ನಾಗಿ ಪಾಲಿಸುತ್ತಿದ್ದರು.

ನನಗಾಗ ಹದಿನೈದು. ಮದುವೆಯಾಗಿತ್ತು, ಇನ್ನೂ ಗಂಡನ ಮನೆಗೆ ಕಳಿಸಿರಲಿಲ್ಲ. ಆ ಚಳಿಗಾಲದಲ್ಲಿ ಅವ್ವನಿಗೆ ಕ್ಷಯ ಎಂದು ಗೊತ್ತಾಯಿತು. ಬಿಸಿಲು ಬೀಳಲೆಂದು ದಿನವೂ ಹಿತ್ತಲಲ್ಲಿ ಹೊರಸು ಹಾಕಿ ಮಲಗಿಸುತ್ತಿದ್ದೆವು. ಕಾಯಿಲೆಗಿಂತ ಹೆಚ್ಚು ನಮ್ಮನ್ನು ಹೆದರಿಸಿದ್ದು ಅವಳು ಊಟ ಬಿಟ್ಟದ್ದು. ನುಚ್ಚು ತಂದರೆ ಒಲ್ಲೆ, ಮಜ್ಜಿಗೆ ತಂದರೆ ಒಲ್ಲೆ, ಹಾಲಿಗೂ ಒಲ್ಲೆ. ಸರಿಯಾಗಿ ಮೂವತ್ತೆರಡೂ ತುಂಬದ ಹೆಂಗಸಿನ ಬಾಯಲ್ಲಿ ಅದೊಂದೇ ಮಾತು ಉಳಿದಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಚಾಚಾ ನಮಾಜಿನಿಂದ ಬಂದು, ತಮ್ಮ ಹಿತ್ತಲಲ್ಲಿ ನಾಲ್ಕು ಕೆಂಡದ ಮೇಲೆ ತಂಗಳ ರೊಟ್ಟಿ ಕಾಯಿಸುತ್ತಿದ್ದರು. ಬಂಗಲೆಯಲ್ಲಿ ಉಳಿದ ಚೀಜಿನ ತುಣುಕು ಅದರ ಮೇಲೆ ಕರಗುತ್ತಿತ್ತು. ಗಾಳಿ ನಮ್ಮ ಕಡೆಗಿತ್ತು. ಅವ್ವ ಕಣ್ಣು ತೆರೆದಳು.

"ಏನ್ ವಾಸನೀನೇ ಅದು? ಛಲೋ ಅದ. ಒಂಚೂರು ತಿನ್ನಬೇಕು ಅನ್ನಸ್ತದ."

ತಿನ್ನಬೇಕು! ಎಷ್ಟೋ ವಾರಗಳ ಮೇಲೆ ಆ ಮಾತು ಕೇಳಿದ್ದೆ. ಆಯಿ ಒಳಗೆ ಮಲಗಿದ್ದಳು. ನಾನು ಗೋಡೆಗೆ ಓಡಿದೆ.

"ಚಾಚಾ, ಅವ್ವಗ ಅದು ಬೇಕಂತರಿ. ಒಂದು ತುತ್ತು ಕೊಡ್ರಿ. ಆಯಿ ಮಲಗ್ಯಾಳ, ಗೊತ್ತಾಗಂಗಿಲ್ಲ."

ಅವರು ರೊಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ರೊಟ್ಟಿಯ ಮೇಲೆ ಬಟ್ಟಲು ಮುಚ್ಚಿದರು.

"ಇದು ನಕೋ ಬೇಟಿ. ಇದು ನಿಮಗ ನಡೆಯಂಗಿಲ್ಲ."

"ಮಾಂಸ ಅದ ಏನು?"

"ಮಾಂಸ ಅಲ್ಲ. ಹಾಲಿಂದೇ."

"ಹಾಲಿಂದಾದ್ರ ಯಾಕ ನಡೆಯಂಗಿಲ್ಲ?"

ಅವರು ರೊಟ್ಟಿ, ಬಟ್ಟಲು ಎರಡನ್ನೂ ಎತ್ತಿಕೊಂಡು ಒಳಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. "ಸಾಹೇಬರ ಎಂಜಲದ ಮ್ಯಾಲೂ ಇಷ್ಟು ಆಸಿ!" ಎಂದು ಅವರಿಗೆ ಕೇಳುವಂತೆಯೇ ಅಂದೆ. ಅವ್ವನಿಗೆ, ಮುಗಿದುಹೋಯಿತಂತೆ ಎಂದು ಸುಳ್ಳು ಹೇಳಿದೆ. ಅವಳು ಹೂಂ ಅಂದು ಮಗ್ಗುಲಾದಳು.

ಮರುದಿನ ಬೆಳಿಗ್ಗೆ ನಾನು ಎಮ್ಮೆ ಕರೆಯುತ್ತಿದ್ದಾಗ ಗೋಡೆಯಾಚೆಯಿಂದ ಕೂಗು ಬಂತು. "ಬೇಟಿ, ಆ ಹಾಲು ಕಾಸಬ್ಯಾಡ. ಹಿಂಗೇ ಇಲ್ಲಿ ತಗೊಂಡು ಬಾ."

ಗೋಡೆಯ ಮೇಲೆ ಕಾಗದದ ಪೊಟ್ಟಣವಿತ್ತು. ಹಕೀಮರ ಅಂಗಡಿಯಿಂದ ತಂದ, ಹಾಲನ್ನು ಹೆಪ್ಪುಗಟ್ಟಿಸುವ ಒಣ ಪನೀರಿನ ಕಾಯಿ. ನಿನ್ನೆ ನಾನಂದದ್ದನ್ನು ಅವರು ಕೇಳಿಸಿಕೊಂಡಂತೆಯೇ ಇರಲಿಲ್ಲ. ಅಷ್ಟರಲ್ಲಿ ಆಯಿ ಹೊರಗೆ ಬಂದಳು.

"ಏನ್ ನಡಸೀರಿ ಇಬ್ಬರೂ?"

ಚಾಚಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿದರು. "ಆಯೀ, ಹಾಲು ನಿಮ್ಮದು, ಗಡಗಿ ನಿಮ್ಮದು, ಕೈ ನಿಮ್ಮ ಹುಡುಗೀದು. ನನ್ನದು ಬರೀ ಮಾತು. ಮಾತಿಗೂ ಮೈಲಿಗಿ ಅದ ಏನ್ರಿ?"

ಆಯಿ ಮಣೆ ತಂದು ಗೋಡೆಗೆ ಎದುರಾಗಿ ಹಾಕಿಕೊಂಡು ಕುಳಿತಳು, ಪಹರೆಯವಳ ಹಾಗೆ.

ಅವರು ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಬೆರಳು ತಾಳುವಷ್ಟು ಬಿಸಿ, ಹೆಚ್ಚಿಲ್ಲ. ಪನೀರಿನ ಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಲಿನಲ್ಲಿ ಹಿಂಡಬೇಕು. ಹೆಪ್ಪು ಕೂತ ಮೇಲೆ ಚಾಕುವಿನಿಂದ ಚೌಕ ಕೊಯ್ದು, ತೊಳೆದ ಧೋತರದ ತುಂಡಿನಲ್ಲಿ ಸೋಸಿ, ಖಾರ ಅರೆಯುವ ಗುಂಡನ್ನು ಮೇಲೆ ಹೇರಬೇಕು. ನೀರೆಲ್ಲ ಇಳಿದ ಮೇಲೆ ಉಂಡೆಯನ್ನು ಎರಡು ಮಾಡಿಸಿದರು. ಒಂದು ಆಗಲೇ ಬಳಸಲಿಕ್ಕೆ. ಇನ್ನೊಂದಕ್ಕೆ ಉಪ್ಪು ಸವರಿ, ಬಟ್ಟೆ ಸುತ್ತಿ, ನೀರಿನ ಹರವಿಗಳ ಸಾಲಿನ ತಂಪಿನಲ್ಲಿ ಗಡಿಗೆಯೊಳಗೆ ಇಡಿಸಿದರು.

"ಇದು ಯಾಕ?" ಎಂದೆ.

"ಹಸೀದಕ್ಕ ಆ ವಾಸನಿ ಬರಂಗಿಲ್ಲ. ನಿಮ್ಮವ್ವ ಕೇಳಿದ ವಾಸನಿ ಇದಕ್ಕ ಬರ್ತದ. ನಲವತ್ತು ದಿನಕ್ಕ."

ನಲವತ್ತು ದಿನ... ನಮ್ಮ ಮೂವರಲ್ಲಿ ಯಾರೂ ಹೊರಸಿನ ಕಡೆ ನೋಡಲಿಲ್ಲ.

ಹಸಿ ಚೀಜು ರೊಟ್ಟಿಯ ಮೇಲೆ ಹಾಗೆ ಕರಗುವುದಿಲ್ಲವೆಂದು ಚಾಚಾ ಬಂಗಲೆಯ ಒಂದು ಬಟಾಟಿಯ ಅಡುಗೆ ಹೇಳಿಕೊಟ್ಟರು. ಸಾಹೇಬರು ಅದಕ್ಕೆ ಏನೋ ಹೆಸರು ಹೇಳುತ್ತಿದ್ದರಂತೆ, ಚಾಚಾನ ನಾಲಿಗೆಗೇ ಅದು ಹೊರಳುತ್ತಿರಲಿಲ್ಲ. ಅವ್ವ ಅದಕ್ಕೆ ಪದರಿನ ಬಟಾಟಿ ಎಂದು ಹೆಸರಿಟ್ಟಳು. ಬಟಾಟಿಯನ್ನು ಅರ್ಧ ಬೇಯಿಸಿ, ಎಲೆಯಷ್ಟು ತೆಳ್ಳಗೆ ಹೆಚ್ಚಬೇಕು. ಮಣ್ಣಿನ ಕುಡಿಕೆಯ ಒಳಗೆಲ್ಲ ಬೆಣ್ಣೆ ಸವರಿ ಒಂದು ಪದರು ಬಟಾಟಿ, ಮೇಲೆ ಉಪ್ಪು, ಮೆಣಸಿನ ಪುಡಿ, ಉದುರಿಸಿದ ಚೀಜು, ಒಂದು ಚಮಚ ಕೆನೆ. ಮತ್ತೆ ಬಟಾಟಿ. ಹೀಗೆ ಮೂರು ಪದರು. ಕೆಳಗೆ ಸಣ್ಣ ಕೆಂಡ, ಮೇಲೆ ತಗಡು ಮುಚ್ಚಿ ಅದರ ಮೇಲೂ ಕೆಂಡ.

ಮೊದಲ ಸಲದ್ದು ಕೆಟ್ಟಿತು. ಉಪ್ಪೇ ಉಪ್ಪು, ಕುಡಿಕೆಯ ಬಾಯಿ ದಾಟಿ ಕೆನೆ ಉಕ್ಕಿ ಬೂದಿಗೆ ಬಿತ್ತು. ಚಾಚಾ ತಮ್ಮ ಕಡೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. "ಐವತ್ತು ಮಂದೀದು ನನ್ನ ಕೈಗೆ ಗೊತ್ತದ. ನೂರು ಮಂದೀದೂ ಗೊತ್ತದ. ಒಬ್ಬರಿಗೆ ಎಷ್ಟು ಅಂತ ನಾ ಯಾವತ್ತೂ ಮಾಡೇ ಇಲ್ಲ ಬೇಟಿ." ಅವರ ದನಿಯಲ್ಲಿ ನಾಚಿಕೆಯಿತ್ತು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೇಳಿದರು, "ಒಂದು ಕೆಲಸ ಮಾಡು. ನಿಮ್ಮವ್ವನ ಮುಷ್ಟಿ ನೋಡು. ಅಷ್ಟು ದೊಡ್ಡ ಬಟಾಟಿ ಒಂದೇ ತಗೋ. ಉಳದದ್ದೆಲ್ಲ ಅದರ ಲೆಕ್ಕಕ್ಕ ಬರ್ತದ."

ನಾನು ಹೊರಸಿನ ಬಳಿ ಹೋಗಿ ಅವ್ವನ ಬೆರಳುಗಳನ್ನು ಮಡಿಸಿ ಮುಷ್ಟಿ ಮಾಡಿಸಿದೆ. ಬುಟ್ಟಿಯಲ್ಲಿದ್ದ ಬಟಾಟಿಗಳನ್ನು ಒಂದೊಂದಾಗಿ ಅದರ ಪಕ್ಕಕ್ಕೆ ಹಿಡಿದೆ. ಎಲ್ಲವೂ ದೊಡ್ಡವೇ. ಕೊನೆಗೆ ತಳದಲ್ಲಿ ಒಂದು ಸಿಕ್ಕಿತು, ಲಿಂಬೆಹಣ್ಣಿಗಿಂತ ತುಸು ದೊಡ್ಡದು. ಅವತ್ತು ನನಗೆ ಅವ್ವ ಉಳಿಯುವುದಿಲ್ಲ ಎಂದು ಗೊತ್ತಾಯಿತು.

ಆ ಸಣ್ಣ ಕುಡಿಕೆಯನ್ನು ಬಿಸಿಬಿಸಿಯಾಗಿ ಎದುರಿಗಿಟ್ಟಾಗ ಅವ್ವ ಎದ್ದು ಕೂತಳು. ಮೇಲಿನ ಕೆಂಪು ಪದರನ್ನು ಚಮಚದಿಂದ ಒಡೆದಳು. ನಾಲ್ಕು ಚಮಚ ತಿಂದಳು. ನಾನು ಎಣಿಸಿದ್ದೇನೆ. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು.

"ಭಾಳ ಛಲೋ ಆಗ್ಯಾದ," ಅಂದಳು ಅವ್ವ. ಸ್ವಲ್ಪ ತಡೆದು, "ಆ ವಾಸನಿ ಮಾತ್ರ ಇಲ್ಲ ನೋಡು," ಅಂದಳು.

"ಬರ್ತದ ತಂಗಿ," ಗೋಡೆಯಾಚೆಯಿಂದ ಚಾಚಾ ಅಂದರು. "ಜರಾ ತಡೀಬೇಕು ಅದಕ್ಕ."

"ತಡೀತೀನಿ ಅಣ್ಣಾ."

ಮುಂದೆ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಹಸಿ ಚೀಜು ಕಟ್ಟಿ ಮಾಡಿದೆ. ನಾಲ್ಕು ಚಮಚ ಮೂರಾಯಿತು, ಎರಡಾಯಿತು. ಆದರೂ ಅವ್ವ ಹೊರಸನ್ನು ಗೋಡೆಯ ಕಡೆ ತಿರುಗಿಸಿ ಹಾಕಿಸಿಕೊಳ್ಳುತ್ತಿದ್ದಳು. ಬಂಗಲೆಗೆ ಹೋಗುವ ಮುಂಚೆ ಚಾಚಾ ಬಂದು ನಿಲ್ಲುತ್ತಿದ್ದರು. ಒಮ್ಮೆ ಅವ್ವ ಕೇಳಿದಳು, "ಅಣ್ಣಾ, ಸಾಹೇಬರು ನಿಮಗ ಛಲೋ ಆಗ್ಯಾದ ಅಂತಾರೇನು?" ಅವರು ತಲೆಯಾಡಿಸಿದರು. "ಅವರು ತಿಂತಾರ ತಂಗಿ. ಯಾರು ಮಾಡ್ಯಾರ ಅಂತ ಕೇಳಂಗಿಲ್ಲ." ಅವ್ವ ನಕ್ಕಳು. ಕೆಮ್ಮಿಲ್ಲದೆ ನಕ್ಕದ್ದು ಅದೇ ಕೊನೆ ಇರಬೇಕು...

ಗಡಿಗೆಯಲ್ಲಿ ಇಟ್ಟು ಇಪ್ಪತ್ತು ದಿನ ಆಗಿರಬಹುದು. ಒಂದು ಬೆಳಿಗ್ಗೆ ನಾನು ಹೊರಸು ಹಾಕಿ ಅವಳನ್ನು ಎಬ್ಬಿಸಲು ಹೋದೆ. ಏಳಲಿಲ್ಲ.

ಮಣ್ಣು ಕೊಡಲು ಹೋದಾಗ ಎಲ್ಲರಿಗಿಂತ ಹಿಂದೆ, ಬಂಗಲೆಯ ಸಾಹೇಬರ ಹಾಗೆ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಚಾಚಾ ನಡೆದರಂತೆ. ಅಪ್ಪ ಹೇಳಿದ.

ನಮ್ಮಲ್ಲಿ ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತಾರೆ. ಅವತ್ತು ಬೆಳಿಗ್ಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದ ಆಯಿ ಅದನ್ನು ಹಾಗೇ ಬಿಟ್ಟು ಎದ್ದಳು. ನೇರ ಗೋಡೆಗೆ ಹೋದಳು. ಯಾವತ್ತೂ ಅವರನ್ನು ತಾನಾಗಿ ಕರೆದವಳಲ್ಲ.

"ಖಾನಸಾಮಾ, ಆ ಗಡಗ್ಯಾಗಿಂದು ಈಗ ತಗೀಬಹುದೇನು?"

"ಇನ್ನಾ ಕಚ್ಚಾ ಅದರೀ ಆಯಿ."

"ಅಕೀನೂ ಕಚ್ಚಾ ವಯಸ್ಸಿನ್ಯಾಗೇ ಹೋದ್ಲು," ಅಂದಳು ಆಯಿ. "ಹುಡುಗಿಗೆ ಹ್ಯಾಂಗ ಕೊಯ್ಯಬೇಕು ಹೇಳ್ರಿ."

ಅವರಿಗೆ ಆಯಿ 'ರೀ' ಹಚ್ಚಿದ್ದನ್ನು ನಾನು ಕೇಳಿದ್ದು ಅವತ್ತೇ. ಚಾಚಾ ಗೋಡೆಯ ಮೇಲೆ ಎರಡೂ ಅಂಗೈ ಊರಿ ತಲೆ ತಗ್ಗಿಸಿ ನಿಂತುಬಿಟ್ಟರು. ನನಗೆ ಹೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಗಡಿಗೆಯ ಬಟ್ಟೆ ಬಿಚ್ಚಿದೆ. ವಾಸನೆ ಇನ್ನೂ ಅರ್ಧವೇ ಬಂದಿತ್ತು. ಬಟಾಟಿ ಹೆಚ್ಚಿದೆ, ಪದರು ಹಾಕಿದೆ, ಕೆಂಡ ಹರವಿದೆ. ಹೋಳಿಗೆ, ಅನ್ನಗಳ ನಡುವೆ ಆ ಸಣ್ಣ ಕುಡಿಕೆಯನ್ನು ಆಯಿಯೇ ತನ್ನ ಕೈಯಾರೆ ಇಟ್ಟಳು.

ಮರುವರ್ಷ ನಾನು ಹುಮನಾಬಾದಿನ ಗಂಡನ ಮನೆಗೆ ಹೋದೆ. ಚಾಚಾನ ಕಣ್ಣು ಮಂಜಾಗುತ್ತ ಬಂದು, ಬಂಗಲೆಯ ಕೆಲಸ ಬಿಟ್ಟು ಕಮಲಾಪುರಕ್ಕೆ ಮಗಳ ಮನೆಗೆ ಹೋದರೆಂದು ಕೇಳಿದೆ. ಹುಮನಾಬಾದಿನಿಂದ ಕಲಬುರಗಿಗೆ ಬರುವ ದಾರಿಯಲ್ಲೇ ಕಮಲಾಪುರ. ಎಷ್ಟೋ ಸಲ ನಮ್ಮ ಬಂಡಿ ಅಲ್ಲಿ ನಿಂತು ಎತ್ತಿಗೆ ನೀರು ಕುಡಿಸಿ ಮುಂದೆ ಹೋಯಿತು. ನಾನು ಇಳಿಯಲಿಲ್ಲ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ. ಅವರನ್ನು ನೋಡಿದರೆ ಅವ್ವನ ಮುಷ್ಟಿ ನೆನಪಾಗುತ್ತದೆಂಬ ಭಯವಿರಬಹುದು...

ಒಮ್ಮೆ ಇಳಿದೆ. ಆಗ ನಾನು ಮೂರು ಮಕ್ಕಳ ತಾಯಿ. ಬಾಳೆಯ ತೋಟದ ಬದಿಯ ಮನೆಯ ಕಟ್ಟೆಯ ಮೇಲೆ ಅವರು ಕೂತಿದ್ದರು. ಕಣ್ಣಿನಲ್ಲಿ ಪೂರಾ ಪೊರೆ. ನನ್ನ ದನಿ ಕೇಳಿದ್ದೇ "ಗೋಡಿ ಬಾಜುದ ಬೇಟಿ!" ಎಂದು ಕೈ ಚಾಚಿದರು. ಆಯಿ ಹೋದದ್ದು, ಅಪ್ಪ ಅಂಗಡಿ ಮುಚ್ಚಿದ್ದು ಎಲ್ಲ ಹೇಳಿದೆ. ಆಮೇಲೆ ಆ ಹಳೆಯ ಮಾತನ್ನು ಅವರೇ ತೆಗೆದರು.

"ಅವತ್ತು ನಾ ರೊಟ್ಟಿ ಮುಚ್ಚಿಟ್ಟೆ. ನಿನಗ ಸಿಟ್ಟು ಬಂದಿತ್ತು."

ನನಗೆ ನಾಚಿಕೆಯಾಯಿತು. "ಸಣ್ಣಾಕಿ ಇದ್ದೆ ಚಾಚಾ, ಮರತುಬಿಡ್ರಿ."

"ವಿಲಾಯತಿ ಚೀಜು ಬೇಟಿ ಅದು. ಕೊಯ್ದ ಎಳಿಗರುವಿನ ಹೊಟ್ಟಿ ಒಳಗಿನ ರಸ ಹಾಕಿ ಅದರ ಹಾಲು ಹೆಪ್ಪು ಕಟ್ಟಿಸ್ತಾರ. ಒಬ್ಬಾಕಿ ಮೇಮ್‌ಸಾಹೇಬ ನನಗ ಹೇಳಿದ್ಲು. ನಿಮ್ಮವ್ವಗ ಗೊತ್ತಿದ್ದಿಲ್ಲ. ನಿನಗ ಗೊತ್ತಿದ್ದಿಲ್ಲ. ನನಗ ಗೊತ್ತಿತ್ತಲ್ಲ."

ಅವರ ಕೈ ಇನ್ನೂ ನನ್ನ ಕೈ ಹಿಡಿದಿತ್ತು.

"ಕೊಟ್ಟಿದ್ರ ಅವತ್ತೇ ತಿಂತಿದ್ಲು. ಮನಸ್ಸಿಗೆ ಬಂದದ್ದು ತಿಂದು ಹೋಗ್ತಿದ್ಲು. ಯಾರಿಗೂ ಗೊತ್ತಾಗ್ತಿದ್ದಿಲ್ಲ. ನಲವತ್ತು ದಿನ ಅಕಿಗೆ ಇಲ್ಲ ಅಂತ ನನಗ ಕಾಣತಿತ್ತು, ಆದ್ರೂ ಕಾಯಸಿದೆ. ಇಷ್ಟು ವರ್ಷ ಆದುವು, ಇದೊಂದು ಹೋಗಂಗಿಲ್ಲ ತಲಿಯಾಗಿಂದ. ನೀ ಹೇಳು ಬೇಟಿ. ನಾ ಮಾಡಿದ್ದು ಸರಿ ಆತೋ, ತಪ್ಪಾತೋ?"

ಮಂಜಾದ ಆ ಕಣ್ಣುಗಳು ನನ್ನ ಮುಖವಿದೆ ಎಂದುಕೊಂಡ ಕಡೆ ನೋಡುತ್ತಿದ್ದವು. ನನ್ನೊಳಗೆ ಎರಡೂ ಇದ್ದವು. ಒಂದು ತುತ್ತಿಗಾಗಿ ಗೋಡೆಗೆ ಓಡಿದ ಹುಡುಗಿಯೂ ಇದ್ದಳು, ಕುಡಿಕೆ ಎಡೆ ಇಟ್ಟ ಆಯಿಯೂ ಇದ್ದಳು. ಏನು ಹೇಳಬೇಕೆಂದು ಹುಡುಕುತ್ತಿರುವಾಗಲೇ ಬಂಡಿಯವನು ಹೊತ್ತಾಯಿತೆಂದು ಕೂಗಿದ. "ಮತ್ತ ಬರ್ತೀನಿ ಚಾಚಾ," ಎಂದು ಕೈ ಬಿಡಿಸಿಕೊಂಡು ಎದ್ದೆ. ಅವರು "ಹೂಂ, ಬಾ," ಅಂದರು. ಅಷ್ಟೇ.

ಮತ್ತೆ ಹೋಗುವ ಹೊತ್ತಿಗೆ ಕಟ್ಟೆ ಖಾಲಿಯಿತ್ತು. ಅವರು ತೀರಿಕೊಂಡು ಆರು ತಿಂಗಳಾಗಿತ್ತಂತೆ.

ಇವತ್ತು ನನಗೆ ಅವರ ಅಂದಿನ ವಯಸ್ಸು ದಾಟಿದೆ. ಅವರ ಮಗಳು ಎಂದೋ ಬೇರೆ ಊರು ಸೇರಿದಳು. ಕಮಲಾಪುರದ ಕಬರಸ್ತಾನದಲ್ಲಿ ಅವರ ಗೋರಿ ಯಾವುದೆಂದು ತೋರಿಸುವವರು ಉಳಿದಿಲ್ಲ. ಸರಿಯೋ ತಪ್ಪೋ ಎಂದು ತೂಗಿ ಹೇಳುವುದು ನನ್ನಿಂದ ಈಗಲೂ ಆಗುವುದಿಲ್ಲ. ಆದರೆ ಅವತ್ತು ಅವರು ಕೇಳಿದ್ದು ತೀರ್ಪನ್ನಲ್ಲ ಎಂದು ಈಗ ತಿಳಿಯುತ್ತದೆ. ಅವ್ವ ಕಡೆಯ ಇಪ್ಪತ್ತು ದಿನ ಪ್ರತಿ ಬೆಳಿಗ್ಗೆ ತಾನೇ ಕೇಳಿ ತಲೆ ಬಾಚಿಸಿಕೊಂಡು, ಅಣ್ಣ ಬರುವ ಹೊತ್ತಾಯಿತೇನೇ ಎಂದು ನನ್ನನ್ನು ಕೇಳುತ್ತಿದ್ದಳು. ಇದು ಚಾಚಾನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಕಟ್ಟೆಯ ಮೇಲೆ ಅವರ ಕೈ ಹಿಡಿದುಕೊಂಡು ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.